ಲೋಳೆ ಬಳಿದುಕೊಂಡವಳು

ಮರಾಠಿ ಸೀಮೆಯ ಗಡಿಯಲ್ಲಿರುವ ಜತ್ತಿನ ಹೈಸ್ಕೂಲಿನಲ್ಲಿ ನಮಗೆ ಇಂಗ್ಲಿಷ್ ಕಲಿಸುತ್ತಿದ್ದ ಮಾಸ್ತರರು ‘ಸ್ಲೈಮ್’ ಎಂಬ ಶಬ್ದದ ಎದುರಿಗೆ ಮರಾಠಿಯಲ್ಲಿ ‘ಚಿಖಲ’ ಎಂದು ಬರೆಸಿ ಮುಂದಿನ ಶಬ್ದಕ್ಕೆ ಜಿಗಿದರು. ಚಿಖಲ ಎಂದರೆ ಕೆಸರು. ಪಾಠದಲ್ಲಿದ್ದ ಬಸವನಹುಳು ಮಾತ್ರ ತಾನು ಹೋದ ದಾರಿಯುದ್ದಕ್ಕೂ ಈ ಸ್ಲೈಮ್ ಬಿಟ್ಟುಕೊಂಡು ಹೋಗುತ್ತಿತ್ತು. ಹುಳ ಕೆಸರನ್ನು ಹೇಗೆ ಬಿಡುತ್ತದೆ ಎಂದು ನಾನು ಎದ್ದು ನಿಂತು ಕೇಳಿದೆ. ಅದು ಇಂಗ್ಲೆಂಡಿನ ಹುಳ, ಕುಳಿತುಕೋ ಎಂದರು. ಕುಳಿತೆ. ಆದರೆ ಲೋಳೆ ಎಂದರೆ ಏನೆಂದು ಮಾಸ್ತರರಿಗೆ ಗೊತ್ತಿಲ್ಲ ಎಂಬ ಖುಷಿ ನನಗೆ ದಿನವಿಡೀ ಇತ್ತು. ಆ ವಿಷಯದಲ್ಲಿ ಅವರಿಗೆ ನಾನೇ ಪಾಠ ಹೇಳಬಹುದಿತ್ತು.

ಮುಂದೆ ಯಾವಾಗಲೋ ದಪ್ಪ ನಿಘಂಟು ಕೈಗೆ ಸಿಕ್ಕಾಗ ಮೊದಲು ಆ ಶಬ್ದವನ್ನೇ ಹುಡುಕಿದೆ. ಹೊಂಡದ ಮೇಲಿನ ಹಸಿರು, ಮೀನಿನ ಮೈಮೇಲಿನ ಜಾರಿಕೆ, ಮೂಗಿನಿಂದ ಇಳಿಯುವುದು, ಕೊನೆಗೆ ಸಿಹಿಮಾತಾಡಿ ಕೆಲಸ ಸಾಧಿಸುವ ಮನುಷ್ಯನ ನಡತೆ, ಎಲ್ಲಕ್ಕೂ ಅದೊಂದೇ ಶಬ್ದ. ಅಷ್ಟು ದೊಡ್ಡ ರಾಜ್ಯ ಆಳಿದ ಮಂದಿ ಲೋಳೆಯ ವಿಷಯಕ್ಕೆ ಬಂದಾಗ ಹೀಗೆ ಕೈ ಬಿಗಿ ಹಿಡಿದದ್ದು ಯಾಕೋ ತಿಳಿಯಲಿಲ್ಲ. ಉಟಗಿಯ ಹತ್ತಿರದ ನಮ್ಮ ಊರಿನಲ್ಲಿ ಒಂದೊಂದಕ್ಕೂ ಬೇರೆ ಹೆಸರಿತ್ತು. ಒಂದೊಂದರ ಜೊತೆಗೂ ನನ್ನದೊಂದು ವ್ಯವಹಾರ ಇತ್ತು.

ಮೊದಲನೆಯದು ನನ್ನ ಸ್ವಂತದ್ದು. ಅದಕ್ಕೆ ನಾವು ಸುಂಬಳ ಎನ್ನುತ್ತಿದ್ದೆವು. ನನಗೆ ಏಳು ವರ್ಷ ಆಗುವವರೆಗೂ ಅದು ನನ್ನ ಮೂಗಿನ ಕೆಳಗೆ ಖಾಯಂ ಮನೆ ಮಾಡಿಕೊಂಡಿತ್ತು. ತೋಳಿನಿಂದ ಒರೆಸಿ ಒರೆಸಿ ಅಂಗಿಯ ತೋಳು ಗಂಜಿ ಹಾಕಿದಂತೆ ಸೆಟೆದು ನಿಂತಿರುತ್ತಿತ್ತು. ನಮ್ಮದು ಮರಾಠಿ ಸಾಲೆ. ಮನೆಯಲ್ಲಿ ಕನ್ನಡವಷ್ಟೇ ಕೇಳಿ ಬೆಳೆದ ನನಗೆ ಅಲ್ಲಿಯ ಮಾಸ್ತರರು ಕಲಿಸಿದ ಮೊದಲ ಮರಾಠಿ ವಾಕ್ಯ ‘ಆಧೀ ನಾಕ ಪುಸ’, ಅಂದರೆ ಮೊದಲು ಮೂಗು ಒರೆಸಿಕೋ. ಸಾತಾರದ ಕಡೆಯಿಂದ ಬಂದಿದ್ದ ಆ ಮಾಸ್ತರರಿಗೆ ನಮ್ಮ ಊರು, ನಮ್ಮ ರೊಟ್ಟಿ, ನಮ್ಮ ಮಾತು ಯಾವುದೂ ಸೇರುತ್ತಿರಲಿಲ್ಲ. ಒಂದು ಸಲ ಅವರು ಊರ ಬಾವಿಯ ಮೆಟ್ಟಿಲಲ್ಲಿ ಪಾಚಿಗೆ ಕಾಲಿಟ್ಟು, ಒಗೆದ ಧೋತರದ ಸಮೇತ ಏಳು ಮೆಟ್ಟಿಲು ಕುಳಿತುಕೊಂಡೇ ಇಳಿದರು. ಇಳಿಯುತ್ತ ಇಳಿಯುತ್ತ ಅವರ ಬಾಯಿಂದ ಬಂದದ್ದು ಪುಸ್ತಕದ ಮರಾಠಿ ಆಗಿರಲಿಲ್ಲ. ಅಂದಿನಿಂದ ಪಾಚಿಯ ಬಗ್ಗೆ ನನಗೆ ಗೌರವ ಇದೆ.

ನನ್ನ ಮೂಗಿಗೆ ಕಾರಣ ಹೇಳಬೇಕು. ನಾನು ನಾಲ್ಕು ವರ್ಷದವಳಿದ್ದಾಗ ನನ್ನನ್ನು ಹೆತ್ತವಳು ಜ್ವರ ಬಂದು ತೀರಿಕೊಂಡಳು. ಅವಳ ಮುಖ ನನಗೆ ನೆನಪಿಲ್ಲ. ನೆನಪಿದೆ ಎಂದು ಊರೆಲ್ಲ ಹೇಳುತ್ತಿದ್ದೆ, ಹಾಗಂದರೆ ಹೆಂಗಸರು ಕಣ್ಣು ಒರೆಸಿಕೊಂಡು ಬೆಲ್ಲ ಕೊಡುತ್ತಿದ್ದರು. ಮನೆಯಲ್ಲಿ ಅಪ್ಪ, ಅಪ್ಪನ ತಾಯಿ ಮತ್ತು ನಾನು ಮೂವರೇ. ಅಪ್ಪನ ತಾಯಿಗೆ ನಾವು ಆಯಿ ಎನ್ನುತ್ತಿದ್ದೆವು. ಅಪ್ಪನಿಗೆ ಕಿರಾಣಿ ಅಂಗಡಿ ಇತ್ತು, ಬಾಯಿ ಇರಲಿಲ್ಲ. ಆಯಿಗೆ ಬಾಯಿ ಇತ್ತು, ಸೊಂಟ ಇರಲಿಲ್ಲ. ಬಗ್ಗಿ ನನ್ನ ಮೂಗು ಒರೆಸುವುದು ಅವಳಿಂದ ಆಗುತ್ತಿರಲಿಲ್ಲ. ಅಲ್ಲದೆ ಆಯಿಗೆ ಅಂಟಂಟಾದದ್ದು ಏನು ಕಂಡರೂ ಮೈ ಜುಮ್ಮೆನ್ನುತ್ತಿತ್ತು. ಬೆಂಡೆಕಾಯಿ ಪಲ್ಲೆ ಮಾಡಿದರೆ ಅದರ ಲೋಳೆ ಮುರಿಯಲು ಅಷ್ಟು ಹುಣಸೆಹುಳಿ ಸುರಿಯುತ್ತಿದ್ದಳು, ಉಂಡವರ ಮುಖ ಹತ್ತು ನಿಮಿಷ ನೆಟ್ಟಗಾಗುತ್ತಿರಲಿಲ್ಲ.

ನಿಘಂಟಿನ ಕೊನೆಯ ಅರ್ಥ ಇದೆಯಲ್ಲ, ಸಿಹಿಮಾತಿನ ಮನುಷ್ಯನದು, ಅದಕ್ಕೆ ತಕ್ಕವನು ಅಪ್ಪನ ದೂರದ ಸಂಬಂಧಿಯೊಬ್ಬ. ಮದುವೆ ಕೂಡಿಸುವುದೇ ಅವನ ಉದ್ಯೋಗ. ಅವನು ಬಾಯಿ ತೆರೆದರೆ ಎದುರಿನವರು ಹೂಂ ಅಂದ ಮೇಲೆಯೇ ಮುಚ್ಚುತ್ತಿದ್ದ. ಅಪ್ಪನಿಗೆ ಎರಡನೆಯ ಹೆಣ್ಣು ನೋಡಿದವನು ಅವನೇ. ಅಪ್ಪನ ಮುಂದೆ ಕುಳಿತು, “ಹುಡಿಗಿ ಮಕ್ಕಳಂದ್ರ ಜೀವಾ ಬಿಡ್ತಾಳ ನೋಡು, ನಿನ್ನ ಕೂಸು ಕಂಡ್ರ ಎತಗೊಂಡು ಕುಣೀತಾಳ” ಎಂದ. ಹುಡುಗಿಯ ಮನೆಗೆ ಹೋಗಿ, “ಮೊದಲನೇ ಹೆಂಡ್ತಿದೊಂದು ಹೆಣ್ಣ ಐತಿ ಖರೆ, ಅದು ಬಾಲಗಾಂವದಾಗ ಸ್ವಾದರಮಾವನ ಮನ್ಯಾಗ ಬೆಳ್ಯಾಕತ್ತೈತ್ರಿ, ಈ ಕಡೆ ತಲೀನೂ ಹಾಕೂದಿಲ್ಲ” ಎಂದ. ನಾನು ಆಗಿನವರೆಗೆ ಬಾಲಗಾಂವ ನೋಡಿಯೇ ಇರಲಿಲ್ಲ. ಈ ಸುಳ್ಳನ್ನು ಖರೆ ಮಾಡಲು ಅವನು ಬಾಲಗಾಂವಕ್ಕೂ ಹೋಗಿ, ಅಲ್ಲಿದ್ದ ನನ್ನ ಸೋದರಮಾವನ ಹತ್ತಿರ, “ಹೊಸಾಕಿಗಿ ತನ್ನದೊಂದು ಹುಟ್ಟೂತನಾ ಕೂಸು ಅಲ್ಲೇ ಇರ್ಲಿ. ಆಮ್ಯಾಲ ಯಾರ ನೋಡ್ತಾರ ಅದನ್ನ? ನೀವ ಒಯ್ರಿ” ಎಂದು ಒಪ್ಪಿಸಿ ಬಂದ. ಮಾವ ಒಳ್ಳೆಯವನು. ಸತ್ತ ತಂಗಿಯ ಮಗಳಲ್ಲವೇ, ಆಗಲಿ ಎಂದನಂತೆ.

ಗುಡ್ಡಾಪುರದಲ್ಲಿ ದಾನಮ್ಮದೇವಿಯ ಮುಂದೆ ಅಕ್ಕಿಕಾಳು ಹಾಕಿ ಮದುವೆ ಮುಗಿಸಿದರು. ನನ್ನನ್ನು ಕರೆದುಕೊಂಡು ಹೋಗಲಿಲ್ಲ, ಕಾರಣ ಈಗ ನಿಮಗೆ ಗೊತ್ತಾಗಿದೆ. ಸಂಜೆ ಗಾಡಿ ಮನೆ ಮುಂದೆ ಬಂದು ನಿಂತಾಗ ನಾನು ಬಾಗಿಲ ನಡುವೆ ನಿಂತಿದ್ದೆ, ಮೂಗಿನ ಸಮೇತ. ಗಾಡಿಯಿಂದ ಇಳಿದ ಹೊಸ ಹೆಣ್ಣು ನನ್ನನ್ನು ನೋಡಿದಳು. ಆಮೇಲೆ ಅಪ್ಪನನ್ನು ನೋಡಿದಳು. ಅಪ್ಪ ಗಾಡಿಯ ಗಾಲಿಯನ್ನು ಬಹಳ ಲಕ್ಷ್ಯಗೊಟ್ಟು ನೋಡುತ್ತಿದ್ದ. ಅವಳು ನೇರ ನನ್ನ ಹತ್ತಿರ ಬಂದು, ಹೊಸ ಸೀರೆಯ ಸೆರಗಿನಿಂದ ನನ್ನ ಮೂಗು ಒರೆಸಿದಳು. ನಾನು ಅವಳ ಕೈ ಕಚ್ಚಿದೆ.

ಅಲ್ಲಿಂದ ಒಂದೂವರೆ ವರ್ಷ ನಾನು ಆ ಮನೆಯಲ್ಲಿ ಲಡಾಯಿ ಹೂಡಿದೆ. ಆಗ ನನಗೆ ಏಳು ವರ್ಷ, ಅವಳಿಗೆ ಹದಿನೆಂಟು. ಅವಳನ್ನು ಸಣ್ಣವ್ವ ಎಂದು ಕರೆಯಬೇಕೆಂದು ಆಯಿ ಹೇಳಿದಳು. ನಾನು ಏನೂ ಎಂದು ಕರೆಯಲಿಲ್ಲ. ಬೇಕಾದದ್ದನ್ನು ಅವಳ ಪಕ್ಕದ ಗೋಡೆಗೆ ಹೇಳುತ್ತಿದ್ದೆ. “ಹಸಿವಿ ಆಗೇತಿ” ಎಂದು ಗೋಡೆಗೆ ಹೇಳಿದರೆ ಅವಳು ರೊಟ್ಟಿ ಹಾಕುತ್ತಿದ್ದಳು. ಅವಳ ಕೈಯಿಂದ ತಾಟು ತೆಗೆದುಕೊಳ್ಳುತ್ತಿರಲಿಲ್ಲ, ನೆಲದ ಮೇಲೆ ಇಟ್ಟು ಅವಳು ಅತ್ತ ಹೋದ ಮೇಲೆ ತೆಗೆದುಕೊಳ್ಳುತ್ತಿದ್ದೆ. ತಲೆ ಬಾಚಲು ಕರೆದರೆ ಓಡಿಹೋಗಿ ಕೂದಲು ಜಡೆಗಟ್ಟಿಸಿಕೊಂಡು ಬರುತ್ತಿದ್ದೆ. ಅವಳು ನನ್ನ ಮಗ್ಗುಲಲ್ಲಿ ಕೌದಿ ಹಾಸಿದರೆ ನಾನು ಎದ್ದು ಹೋಗಿ ಆಯಿಯ ಕಾಲ ಹತ್ತಿರ ಮಲಗುತ್ತಿದ್ದೆ. ಮಲತಾಯಿ ಎಂದರೆ ಹೇಗಿರುತ್ತಾಳೆ ಎಂದು ನೆರೆಯ ಹೆಂಗಸರು ನನಗೆ ಕಟ್ಟೆಯ ಮೇಲೆ ಕೂಡಿಸಿಕೊಂಡು ಚೆನ್ನಾಗಿ ತರಬೇತಿ ಕೊಟ್ಟಿದ್ದರು. ಅವಳು ಹಾಗೆ ಇರದೇ ಹೋದದ್ದು ಅವಳ ತಪ್ಪು ಎಂದೇ ನಾನು ತಿಳಿದಿದ್ದೆ.

ಈ ಲಡಾಯಿಯಲ್ಲಿ ಲೋಳೆಯೂ ನನ್ನ ಕಡೆ ಇತ್ತು. ದೃಷ್ಟಿ ತಾಗಬಾರದೆಂದು ನಮ್ಮ ತಲೆಬಾಗಿಲಿಗೆ ಲೋಳಸರದ ಗಿಡವನ್ನು ತಲೆಕೆಳಗೆ ತೂಗಹಾಕಿದ್ದರು. ಒಂದು ದಿನ ಅದರ ಒಂದು ಎಲೆ ಕಿತ್ತು, ಸೀಳಿ, ಒಳಗಿನ ಲೋಳೆಯನ್ನೆಲ್ಲ ಬಚ್ಚಲ ಕಲ್ಲಿಗೆ ಸವರಿದೆ. ಅವಳು ಸ್ನಾನಕ್ಕೆ ಹೋಗುವ ಹೊತ್ತು ಅದು. ಆದರೆ ಅಂದು ಆಯಿ ಮುಂದಾದಳು. ದಪ್ಪೆಂದು ಸದ್ದಾಯಿತು. ಆಮೇಲೆ ಆಯಿ ಶಿವನನ್ನು ಕರೆದಳು, ಶಿವ ಬರಲಿಲ್ಲವೆಂದು ಅಪ್ಪನನ್ನು ಕರೆದಳು, ಅಪ್ಪನೂ ಅಂಗಡಿಯಲ್ಲಿದ್ದ. ಎಬ್ಬಿಸಲು ಬಂದವಳು ಅವಳೇ. ಬಚ್ಚಲ ಬಾಗಿಲಲ್ಲಿ ಸೀಳಿದ ಎಲೆ ಹಿಡಿದು ನಿಂತಿದ್ದ ನನ್ನ ಕೈಯನ್ನು ಅವಳು ನೋಡಿದಳು. “ಯಾವ ಸುಡಗಾಡ ಐತಿದು ಕಲ್ಲಿನ ಮ್ಯಾಲ?” ಎಂದು ಆಯಿ ಒದರಿದಾಗ ಅವಳು, “ಸಬಕಾರದ ನೊರಿ ಚೆಲ್ಲಿದ್ದೆರಿ ಅತ್ತಿ, ತೊಳ್ಯಾಕ ಮರತೆ” ಎಂದಳು. ಎರಡು ದಿನ ಬೈಗುಳ ತಿಂದಳು. ಬೈಗುಳ ತಿನ್ನುತ್ತ ಒಂದು ಸಲವೂ ನನ್ನ ಕಡೆ ನೋಡಲಿಲ್ಲ. ನನಗೆ ಅವಳ ಮೇಲಿದ್ದ ಸಿಟ್ಟು ಇನ್ನಷ್ಟು ಹೆಚ್ಚಾಯಿತು.

ಮರುವರ್ಷ ಅವಳಿಗೆ ದಿನ ತುಂಬುತ್ತ ಬಂತು. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕು. ಆದರೆ ಅಲ್ಲಿ ಅವಳ ಅಣ್ಣನ ಹೆಂಡತಿಗೂ ಅದೇ ತಿಂಗಳು. ಒಂದೇ ಸೂರಿನಡಿ ಎರಡು ಹೆರಿಗೆ ಆಗಬಾರದೆಂದು ಹಿರಿಯರು ಅವಳನ್ನು ನಮ್ಮಲ್ಲೇ ಬಿಟ್ಟರು. ಆ ದಿನಗಳಲ್ಲೇ ಒಂದು ಮಧ್ಯಾಹ್ನ ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತ ಆಯಿ ನೆರೆಯವಳಿಗೆ ಹೇಳುತ್ತಿದ್ದಳು. “ಕೂಸು ಹುಟ್ಟಿ ಹದಿಮೂರ ದಿನಾ ಆತಂದ್ರ ಇದರ ಸ್ವಾದರಮಾವ ಬರ್ತಾನ ಗಾಡಿ ಹೂಡ್ಕೊಂಡು. ಬಾಲಗಾಂವಕ್ಕ ಒಯ್ತಾನ. ಮದವಿ ಮುಂದನ ಮಾತಾಗೇತಿ.”

ನೆರೆಯವಳು ನಿಟ್ಟುಸಿರು ಬಿಟ್ಟು, “ತನ್ನದು ಹುಟ್ಟಿದ ಮ್ಯಾಲ ಮಂದಿ ಕೂಸಿನ ಯಾರ ಮೂಸತಾರ ಬಿಡ್ರಿ” ಎಂದಳು.

ನಾನು ಕಂಬದ ಹಿಂದೆ ಇದ್ದೆ. ಬಾಲಗಾಂವದ ಮಾವನಿಗೆ ಐದು ಜನ ಗಂಡುಮಕ್ಕಳು. ಗುಡ್ಡಾಪುರದ ಜಾತ್ರೆಗೆ ಹೋದಾಗ ಅವರನ್ನು ಒಮ್ಮೆ ನೋಡಿದ್ದೆ, ಐದೂ ಮೂಗುಗಳು ನನ್ನದನ್ನು ಮೀರಿಸುವಂಥವು. ಅವರ ನಡುವೆ ನಾನೊಬ್ಬಳು ಹೆಣ್ಣೆಂದರೆ ಸಾಲೆಯ ಪಾಟಿ ಅಲ್ಲಿಗೆ ಮುಗಿಯಿತು, ಸಗಣಿ ಬುಟ್ಟಿ ಶುರುವಾಯಿತು. ಇದೆಲ್ಲ ಆಗ ಹೊಳೆದದ್ದೋ ಈಗ ಸೇರಿಸುತ್ತಿರುವುದೋ ಹೇಳಲಾರೆ. ಹೋಗಬಾರದು ಎಂಬುದೊಂದೇ ನನಗೆ ಗೊತ್ತಿತ್ತು. ಈ ಮನೆ ನನ್ನದು, ಈ ಗೋಡೆ ನನ್ನದು, ನಾನು ಜಗಳಾಡುತ್ತಿದ್ದವಳೂ ನನ್ನವಳೇ. ನನ್ನನ್ನು ಕಳಿಸಿಬಿಟ್ಟರೆ ಏನು ಗತಿ ಎಂದು ನನಗೆ ರೊಟ್ಟಿ ಸೇರದಾಯಿತು. ಆದರೂ ಅವಳ ಹತ್ತಿರ ಹೋಗಿ ಕಳಿಸಬೇಡ ಎನ್ನಲು ನನ್ನ ನಾಲಿಗೆ ಏಳಲಿಲ್ಲ. ಅಷ್ಟು ಸೊಕ್ಕು.

ನಮ್ಮ ಹಿತ್ತಿಲಿಗೆ ಹತ್ತಿಕೊಂಡೇ ಕುರಿಯವರ ದಡ್ಡಿ ಇತ್ತು, ಅಂದರೆ ಮುಳ್ಳುಬೇಲಿ ಹಾಕಿ ಕುರಿ ಕೂಡುವ ಜಾಗ. ಅದರ ಒಡತಿಯನ್ನು ಊರೆಲ್ಲ ಕುರಿಯಜ್ಜಿ ಎನ್ನುತ್ತಿತ್ತು. ಬಾಯಿತುಂಬ ತಂಬಾಕು, ಮಾತು ತುಂಬ ಬೈಗುಳ. ಕುರಿ ಈಯುವಾಗಲೂ ಅವಳೇ, ಊರ ಹೆಂಗಸರು ಹೆರುವಾಗಲೂ ಅವಳೇ. ಎರಡಕ್ಕೂ ಅದೇ ಕೈ, ಅದೇ ಮಾತು. ಕುರಿಗೂ ಹೆಂಗಸಿಗೂ ಏನು ವ್ಯತ್ಯಾಸ ಎಂದು ಯಾರೋ ಕೇಳಿದರೆ, “ಕುರಿ ಚೀರೂದಿಲ್ಲ, ಅತ್ತಿ ಮ್ಯಾಲ ದೂರೂ ಹೇಳೂದಿಲ್ಲ” ಎಂದಿದ್ದಳು. ಆಯಿಗೆ ಅವಳನ್ನು ಕಂಡರೆ ಆಗುತ್ತಿರಲಿಲ್ಲ, ಆದರೆ ನನ್ನಪ್ಪ ಹುಟ್ಟುವಾಗಲೂ ಅವಳನ್ನೇ ಕರೆಸಿದ್ದಳು.

ಆ ಚಳಿಗಾಲದಲ್ಲಿ ಅವಳ ಒಂದು ಕುರಿ ಈದು ಎರಡನೆಯ ದಿನಕ್ಕೆ ಸತ್ತಿತು. ಉಳಿದ ಮರಿ ಕಂಡ ಕಂಡ ಕುರಿಯ ಹೊಟ್ಟೆಯ ಕೆಳಗೆ ನುಗ್ಗುತ್ತಿತ್ತು. ಒಂದೊಂದು ಕುರಿಯೂ ತಿರುಗಿ ಮೂಸಿ ನೋಡಿ, ತನ್ನದಲ್ಲವೆಂದು ಒದೆಯುತ್ತಿತ್ತು. ಮರಿ ಬೀಳುತ್ತಿತ್ತು, ಎದ್ದು ಮತ್ತೊಂದರ ಹತ್ತಿರ ಹೋಗುತ್ತಿತ್ತು. ನನಗೆ ಅದರ ಮೇಲೆ ಕರುಣೆಗಿಂತ ಸಿಟ್ಟೇ ಬಂತು. ಮೂರನೆಯ ದಿನ ಸಾಲೆ ಬಿಟ್ಟು ಬರುವಷ್ಟರಲ್ಲಿ ಇನ್ನೊಂದು ಕುರಿ ಈಯುತ್ತಿತ್ತು. ಕುರಿಯಜ್ಜಿ ತಬ್ಬಲಿ ಮರಿಯನ್ನು ತೊಡೆಯ ನಡುವೆ ಇರುಕಿಕೊಂಡು ಕಾದು ಕುಳಿತಿದ್ದಳು. ಮರಿ ಹೊರಗೆ ಬಿದ್ದದ್ದೇ ತಡ, ಅದರ ಮೈಮೇಲಿನ ಲೋಳೆಯನ್ನು ಎರಡೂ ಕೈಯಿಂದ ಬಳಿದು ತಬ್ಬಲಿಯ ತಲೆ, ಬೆನ್ನು, ಬಾಲದ ಬುಡಕ್ಕೆಲ್ಲ ಸವರಿದಳು. ಮೇಲೊಂದಿಷ್ಟು ಉಪ್ಪು ಉದುರಿಸಿ, ಎರಡೂ ಮರಿಗಳನ್ನು ತಾಯಿಯ ಮೂಗಿನ ಮುಂದೆ ದೂಡಿದಳು. ಕುರಿ ಮೂಸಿತು. ಒಂದನ್ನು ನೆಕ್ಕಿತು. ಮತ್ತೆ ಮೂಸಿತು, ಇನ್ನೊಂದನ್ನೂ ನೆಕ್ಕಿತು. ಮೂರು ದಿನ ಒದೆ ತಿಂದದ್ದು ಕೆಚ್ಚಲಿಗೆ ಬಾಯಿ ಹಾಕಿತು.

“ಅದಕ್ಕ ಗೊತ್ತಾಗೂದಿಲ್ಲೇನು?” ಎಂದು ನಾನು ಕೇಳಿದೆ.

“ಕುರಿಗಿ ಕಣ್ಣೀಲೆ ಏನ ಕಾಣ್ತೈತಿ ಮಣ್ಣು. ಬುದ್ಧಿ ಎಲ್ಲಾ ಮೂಗಿನ್ಯಾಗ. ತನ್ನ ಹೊಟ್ಟಿ ಲೋಳಿ ವಾಸನಿ ಬಂತಂದ್ರ ಮುಗೀತು, ಅದು ತನ್ನ ಮರಿ.”

“ತನ್ನದೊಂದು ಇದ್ರೂ ತಗೋತೈತಿ?”

“ವಾಸನಿ ಒಂದಾದ್ರ ಎರಡ್ಯಾಕ, ಮೂರೂ ತಗೋತೈತಿ.”

“ನಾಳಿ ಹಚ್ಚಿದ್ರ?”

“ನಾಳಿ ಹಚ್ಚಿದ್ರ ಒದಿ ತಿಂತಾವ. ಹಸಿ ಇದ್ದಾಗ ಹಚ್ಚಬೇಕು. ಆರತಂದ್ರ ವಾಸನಿ ಹೋತು. ನಿನಗ್ಯಾಕಲೇ ಇಷ್ಟೆಲ್ಲಾ, ನೀ ಏನ್ ಕುರಿ ಕಟ್ಟಾಕಿ?” ಎಂದು ಕೈ ಒರೆಸಿಕೊಂಡಳು.

ನನಗೆ ಯಾಕೆ ಎಂದು ಅವಳಿಗೆ ಹೇಳಲಿಲ್ಲ. ಮನೆಗೆ ಬಂದು ಉಪ್ಪಿನ ಗಡಿಗೆ ಎಲ್ಲಿದೆ ಎಂದು ನೋಡಿಕೊಂಡೆ. ಅಂದು ಎರಡು ರೊಟ್ಟಿ ತಿಂದೆ.

ಈಗ ಓದುವವರು ನಗಬಹುದು. ಎಂಟೂವರೆ ವರ್ಷದ ಹುಡುಗಿಗೆ ಮನುಷ್ಯರಿಗೂ ಕುರಿಗೂ ವ್ಯತ್ಯಾಸ ತಿಳಿಯದೇ ಎಂದು ಕೇಳಬಹುದು. ಯಾರು ತಿಳಿಸಿದ್ದರು? ಹೆರಿಗೆ ಮಾಡಿಸುವವಳು ಒಬ್ಬಳೇ, ಬಳಸುವ ಕುಡುಗೋಲು ಬೇರೆಯಾದರೂ ಬೈಗುಳ ಅದೇ. ಮಂದಿ ಕೂಸನ್ನು ಯಾರೂ ಮೂಸುವುದಿಲ್ಲ ಎಂದು ನೆರೆಯವಳು ತನ್ನ ಬಾಯಿಂದಲೇ ಹೇಳಿದ್ದಳು. ನಾನು ಎರಡೂ ಕೂಡಿಸಿದೆ. ಸಾಲೆಯಲ್ಲಿ ನನ್ನ ಲೆಕ್ಕ ಎಂದೂ ಅಷ್ಟು ಸರಿ ಬಂದಿರಲಿಲ್ಲ.

ಫಾಲ್ಗುಣದಲ್ಲಿ ಒಂದು ಮುಂಜಾನೆ, ದಿನ ತುಂಬಿದ್ದ ಅವಳಿಗೆ ಬೇನೆ ಶುರುವಾಯಿತು. ಕಾಳಿನ ಚೀಲ ಇಡುತ್ತಿದ್ದ ಒಳಕೋಣೆಯನ್ನು ಸಾರಿಸಿ ಅವಳನ್ನು ಅಲ್ಲಿ ಮಲಗಿಸಿದರು. ಮಕ್ಕಳು ಆ ಕಡೆ ಸುಳಿಯಬಾರದೆಂದು ಆಯಿ ನನ್ನನ್ನು ಸಾಲೆಗೆ ಅಟ್ಟಿದಳು. ಮುಂಬಾಗಿಲಿನಿಂದ ಹೋಗಿ ಹಿತ್ತಿಲಿನಿಂದ ಬಂದು, ಯಾರೂ ಇಲ್ಲದ ಗಳಿಗೆ ನೋಡಿ, ಜೋಳದ ಚೀಲಗಳ ಹಿಂದೆ ಸೇರಿಕೊಂಡೆ. ಅಂಗಿಯ ಜೇಬಿನಲ್ಲಿ ಉಪ್ಪು ಇತ್ತು. ಮಧ್ಯಾಹ್ನದವರೆಗೂ ಅಲ್ಲೇ ಇದ್ದೆ. ಎರಡು ಸಲ ಉಚ್ಚೆಗೆ ಅವಸರವಾಯಿತು. ತಡೆದುಕೊಂಡೆ ಎಂದು ಬರೆದರೆ ಸುಳ್ಳಾಗುತ್ತದೆ. ಆ ಚೀಲದ ಜೋಳವನ್ನು ನಾವೆಲ್ಲ ಆಮೇಲೆ ತಿಂದೆವು, ಯಾರಿಗೂ ಏನೂ ಆಗಲಿಲ್ಲ.

ಕುರಿ ಚೀರುವುದಿಲ್ಲ, ಅವಳು ಚೀರಿದಳು. ಅದಕ್ಕೆ ನಾನು ತಯಾರಾಗಿರಲಿಲ್ಲ. ಚೀಲದ ಸಂದಿಯಿಂದ ಅವಳ ಕಾಲಿನ ಬೆರಳು ಕಾಣುತ್ತಿದ್ದವು, ಪ್ರತಿ ಸಲ ಅವು ಮಡಿಚಿಕೊಳ್ಳುತ್ತಿದ್ದವು. ಅವಳು ಸತ್ತುಹೋದರೆ ಎಂದು ಮೊದಲ ಸಲ ಅನ್ನಿಸಿತು. ಸತ್ತರೆ ಬಾಲಗಾಂವಕ್ಕೆ ಹೋಗುವುದು ತಪ್ಪುತ್ತದೆಯೋ ಇಲ್ಲವೋ ಎಂದು ನಾನು ಯೋಚಿಸಲಿಲ್ಲ. ಸಾಯಬಾರದು ಎಂದಷ್ಟೇ ಕೈ ಮುಗಿದುಕೊಂಡು ಕುಳಿತೆ. ಯಾವ ದೇವರಿಗೆ ಎಂದು ಹೇಳಿರಲಿಲ್ಲ, ಯಾರು ಖಾಲಿ ಇದ್ದಾರೋ ಅವರಿಗೆ.

ಕೂಸು ಅತ್ತಿತು. “ಗಂಡಸ ಐತಿ” ಎಂದಳು ಕುರಿಯಜ್ಜಿ. ಆಯಿ ಬಿಸಿನೀರು ತರಲು ಹೊರಗೆ ಓಡಿದಳು. ಕುರಿಯಜ್ಜಿ ಕೂಸನ್ನು ಮೊರದಲ್ಲಿ ಹಳೆಯ ಸೀರೆ ಹಾಸಿ ಮಲಗಿಸಿ, ತಾಯಿಯ ಕಡೆ ತಿರುಗಿದಳು. ನಾನು ಚೀಲದ ಹಿಂದಿನಿಂದ ಎದ್ದು ಬಂದೆ. ಕೂಸಿನ ಮೈ ಬೆಣ್ಣೆ ಹಚ್ಚಿದಂತೆ ಬೆಳ್ಳಗಿತ್ತು, ಅಲ್ಲಲ್ಲಿ ಕೆಂಪಿತ್ತು. ಎರಡೂ ಕೈಯಿಂದ ಅದರ ಬೆನ್ನಿನ ಲೋಳೆ ಬಳಿದು ನನ್ನ ನೆತ್ತಿಗೆ, ಹಣೆಗೆ, ಎರಡೂ ಕೆನ್ನೆಗೆ, ಕುತ್ತಿಗೆಗೆ ಹಚ್ಚಿಕೊಂಡೆ. ಬಿಸಿ ಇತ್ತು. ಹೇಸಿಗೆ ಅನ್ನಿಸಲಿಲ್ಲ. ಮೇಲೆ ಉಪ್ಪು ಉದುರಿಸಿಕೊಂಡೆ. ಆಮೇಲೆ ಅವಳ ತಲೆಯ ಹತ್ತಿರ ಹೋಗಿ ಮೊಣಕಾಲೂರಿ, ನನ್ನ ನೆತ್ತಿಯನ್ನು ಅವಳ ಮೂಗಿನ ಕೆಳಗೆ ಹಿಡಿದು ಕಣ್ಣು ಮುಚ್ಚಿಕೊಂಡೆ.

ನೀರಿನ ಗಡಿಗೆ ಹಿಡಿದು ಬಂದ ಆಯಿ, “ಶಿವಶಿವಾ!” ಎಂದು ಬಾಗಿಲಲ್ಲೇ ನಿಂತಳು. ನಮ್ಮ ಲಿಂಗವಂತ ಮಂದಿಗೆ ಹೆರಿಗೆಯ ಸೂತಕ ಇಲ್ಲವೆಂದು ಮಠದ ಅಯ್ಯನವರು ಹೇಳಿದಾಗಲೆಲ್ಲ ಹೌದೆಂದು ತಲೆ ಆಡಿಸುತ್ತಿದ್ದವಳು ಅಂದು, “ಮುಟ್ಟಬ್ಯಾಡಲೇ ನನ್ನ, ದೂರ ಇರು, ಎಲ್ಲಾ ಮೈಲಿಗಿ ಮಾಡ್ದಿ” ಎಂದು ಚೀರತೊಡಗಿದಳು. ನಾನು ಕದಲಲಿಲ್ಲ. ಲೋಳೆ ಆರಿಹೋದೀತು ಎಂಬ ಭಯ ನನಗೆ.

“ಏನಿದು? ಏನಾಗೇತಿ ಇಕಿಗೆ?” ಎಂದಳು ಮಲಗಿದ್ದವಳು. ದನಿ ಸೋತಿತ್ತು.

ಮೊದಲು ಅರ್ಥವಾದದ್ದು ಕುರಿಯಜ್ಜಿಗೆ. ಅವಳು ನನ್ನ ಹಣೆಯ ಮೇಲಿನ ಉಪ್ಪನ್ನು ಬೆರಳಿನಿಂದ ತೆಗೆದು ನೋಡಿ, ನೆಲಕ್ಕೆ ಕುಳಿತು ನಗತೊಡಗಿದಳು. ತಂಬಾಕು ಗಂಟಲಿಗೆ ಹೋಗಿ ಕೆಮ್ಮಿದಳು. “ಮೂಸಿ ನೋಡವಾ ತಾಯಿ, ನಿನ್ನ ದೊಡ್ಡ ಮರಿ ಬಂದೇತಿ. ಉಪ್ಪನೂ ಹಚಗೊಂಡೇತಿ. ತಗೋತೀಯೋ, ಒದೀತೀಯೋ ಹೇಳು” ಎಂದು, ದಡ್ಡಿಯಲ್ಲಿ ನಾನು ನೋಡಿದ್ದು, ಕೇಳಿದ್ದು ಎಲ್ಲ ಹೇಳಿದಳು.

ನಾನು ಕಣ್ಣು ತೆರೆದೆ. ಅವಳು ನಗುತ್ತಿದ್ದಳೋ ಅಳುತ್ತಿದ್ದಳೋ ತಿಳಿಯಲಿಲ್ಲ, ನಕ್ಕರೆ ನೋವಾಗಿ ಹೊಟ್ಟೆ ಹಿಡಿದುಕೊಳ್ಳುತ್ತಿದ್ದಳು. ನನ್ನ ಗದ್ದ ಹಿಡಿದು ಮುಖ ಎತ್ತಿದಳು.

“ನಾ ನಿನ್ನ ಬ್ಯಾಡ ಅಂದಿದ್ನೇನು?” ಎಂದಳು. “ಗಾಡ್ಯಾಗಿಂದ ಇಳದಾಗ ಬಾಗಲದಾಗ ನಿನ್ನ ಕಂಡು ಜೀವ ತಣ್ಣಗಾಗಿತ್ತು. ಈ ಮನ್ಯಾಗ ನನಗಿಂತ ಸಣ್ಣಾಕಿ ಒಬ್ಬಾಕಿ ಅದಾಳಲ್ಲಾ ಅಂತ. ಒಂದೂವರಿ ವರ್ಷಾತು ನಿನ್ನ ಹಿಂದಿಂದ ತಿರಗಾಕತ್ತು. ಒದ್ಯಾಕಿ ನೀನ ಅದಿ.”

ಆ ಮಾತು ನನಗೆ ಹೊಡೆದಂತೆ ತಾಗಿತು. ದಡ್ಡಿಯಲ್ಲಿ ನಾನು ಮರಿಯನ್ನೇ ನೋಡುತ್ತಿದ್ದೆ, ನಾನೇ ಅದು ಎಂದುಕೊಂಡಿದ್ದೆ. ಕಚ್ಚಿದ ಕೈ, ನೆಲದ ಮೇಲಿಟ್ಟ ತಾಟು, ನನ್ನ ಮಗ್ಗುಲಿನ ಕೌದಿ, ಎಲ್ಲ ಒಮ್ಮೆಲೇ ಕಣ್ಣ ಮುಂದೆ ಬಂದು ನಾಚಿಕೆಯಾಯಿತು. ನನಗೆ ಅದು ಹೊಸದು. ಏನು ಮಾಡಬೇಕೆಂದು ತಿಳಿಯದೆ ಜೋರಾಗಿ ಅತ್ತೆ. ಮೊರದಲ್ಲಿದ್ದ ಕೂಸೂ ಅತ್ತಿತು. “ಎರಡಕ್ಕೂ ನೀರ ಹಾಕ್ರಿ” ಎಂದಳು ಅವಳು. ಕುರಿಯಜ್ಜಿ ಮೊದಲು ತಮ್ಮನಿಗೆ, ಉಳಿದ ನೀರಿನಲ್ಲಿ ನನಗೆ ಸ್ನಾನ ಮಾಡಿಸಿದಳು. ನನ್ನ ಕೂದಲಿನ ಸಿಕ್ಕು ಬಿಡಿಸುತ್ತ ನನ್ನ ಇಡೀ ವಂಶವನ್ನು ಬೈದಳು.

ಇಷ್ಟಾದರೂ ನಾನು ಅವಳನ್ನು ಏನೂ ಎಂದು ಕರೆಯಲಿಲ್ಲ. ಸೊಕ್ಕು ಇಳಿದಿತ್ತು, ಅಭ್ಯಾಸ ಇರಲಿಲ್ಲ. ಅವಳ ಕೈಯಿಂದ ತಾಟು ತೆಗೆದುಕೊಳ್ಳಲು ಶುರು ಮಾಡಿದೆ, ಹಸಿವೆಯನ್ನು ಇನ್ನೂ ಗೋಡೆಗೇ ಹೇಳುತ್ತಿದ್ದೆ. ಬಾಲಗಾಂವದ ಮಾತನ್ನು ಯಾರೂ ಎತ್ತಲಿಲ್ಲ. ಎತ್ತಲಿಲ್ಲವೆಂದರೆ ಬಿಟ್ಟುಬಿಟ್ಟಿದ್ದಾರೆ ಎಂದು ನಾನು ತಿಳಿದೆ.

ಹದಿಮೂರನೆಯ ದಿನ ಮಧ್ಯಾಹ್ನ ಮಾವ ಗಾಡಿ ಹೂಡಿಕೊಂಡು ಬಂದ. ನನಗೊಂದು ಹೊಸ ಲಂಗ ತಂದಿದ್ದ. ಆಯಿ ನನ್ನ ಅಂಗಿಗಳನ್ನು ಗಂಟು ಕಟ್ಟಿ ಕಟ್ಟೆಯ ಮೇಲೆ ಇಟ್ಟಳು. ಅಪ್ಪ ಮಾತ್ರ ಮತ್ತೆ ಗಾಡಿಯ ಗಾಲಿ ನೋಡುತ್ತ ನಿಂತ. “ನಡಿಯವಾ, ಬಿಸಿಲ ಇಳಿಯೂದ್ರಾಗ ಊರ ಮುಟ್ಟೂಣು” ಎಂದು ಮಾವ ನನ್ನ ತಲೆ ಸವರಿದ. ಅವನ ಕೈ ಮೃದುವಾಗಿತ್ತು. ಅವನ ಮೇಲೆ ನನಗೆ ಈಗಲೂ ಸಿಟ್ಟಿಲ್ಲ.

ಬಾಣಂತಿ ಹೊರಗೆ ಬರುವ ಹಾಗಿರಲಿಲ್ಲ. ಒಳಕೋಣೆಯ ಪರದೆಯ ಹಿಂದಿನಿಂದಲೇ ಅವಳು ಮಾತಾಡಿದಳು. “ಅಣ್ಣಾರ, ನಾ ಆಕಿನ್ನ ಕಳಸಾಕಿ ಅಲ್ರಿ. ಕಟ್ಟಿ ಹಾಕಾಕೀನೂ ಅಲ್ಲ. ಆಕಿನ್ನ ಕೇಳ್ರಿ. ಬರ್ತೀನಿ ಅಂದ್ರ ಕರಕೊಂಡ ಹೋಗ್ರಿ.”

ಎಲ್ಲರೂ ನನ್ನ ಕಡೆ ತಿರುಗಿದರು. ಎತ್ತುಗಳೂ ತಿರುಗಿದವೇನೋ. ಇಲ್ಲೇ ಇರು ಎಂದು ಅವಳೇ ಯಾಕೆ ಹೇಳಬಾರದು ಎಂದು ನನಗೆ ಸಿಟ್ಟು ಬಂತು. ಆಮೇಲೆ ತಿಳಿಯಿತು, ಒಂದೂವರೆ ವರ್ಷ ನನ್ನ ಹಿಂದೆ ಬಿದ್ದವಳು ಇನ್ನೆಷ್ಟು ಹಿಂದೆ ಬೀಳಬೇಕು. ಗಂಟನ್ನು ಎದೆಗೆ ಹಿಡಿದುಕೊಂಡು ನಾನು ಪರದೆಯ ಕಡೆ ತಿರುಗಿದೆ.

“ಅವ್ವಾ” ಎಂದೆ.

ಒಳಗಿನಿಂದ ಸದ್ದಿಲ್ಲ. ಆಯಿ ಸೆರಗು ಬಾಯಿಗೆ ಒತ್ತಿಕೊಂಡಳು. ಮಾವನ ಕಣ್ಣು ತುಂಬಿದವು, ನಾನು ಅವನ ಸತ್ತ ತಂಗಿಯನ್ನು ನೆನೆಯುತ್ತಿದ್ದೇನೆ ಎಂದು ತಿಳಿದ. ಒಳಗಿದ್ದವಳೂ ಹಾಗೇ ತಿಳಿದಳಂತೆ. ಹೆತ್ತವಳನ್ನು ಕರೆಯುತ್ತಿದ್ದಾಳೆ, ನಡುವೆ ನಾನ್ಯಾಕೆ ಬಾಯಿ ಹಾಕಲಿ ಎಂದು ಉಸಿರು ಬಿಗಿಹಿಡಿದು ಕುಳಿತಿದ್ದಳಂತೆ. ಎಷ್ಟೋ ವರ್ಷದ ಮೇಲೆ ಅವಳೇ ಇದನ್ನು ನನಗೆ ಹೇಳಿದಳು.

ನಾನು ಎರಡನೆಯ ಸಲ ಕರೆಯಬೇಕಾಯಿತು. ಸಿಟ್ಟಿನಿಂದಲೇ ಕರೆದೆ.

“ಯವ್ವಾ, ನಿನ್ನ ಕರ್ಯಾಕತ್ತೀನಿ, ಕೇಳಸೂದಿಲ್ಲೇನು?”

“ಓ” ಎಂದಳು ಒಳಗಿನಿಂದ.